ಕಡೆಯ ವರ್ಷದ ಪಾಠಗಳು

ಹಿಂದೊಮ್ಮೆ ಒಂದು ಚಳಿಗಾಲವನ್ನು ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮಗಳ ಮನೆಯಲ್ಲಿ ಕಳೆದೆ. ಫೆಬ್ರುವರಿಯ ಒಂದು ಸಂಜೆ, ಹೊರಗೆ ಹಿಮ ಸುರಿಯುತ್ತಿದ್ದಾಗ, ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಊಟದ ಮೇಜಿನ ಮೇಲೆ ಒಂದು ಹಾಳೆಯನ್ನು ಹರಡಿ, "ತಾತ, ಮುಂದಿನ ವರ್ಷಕ್ಕೆ ಯಾವ ಯಾವ ಸಬ್ಜೆಕ್ಟ್ ತೊಗೊಳ್ಳಲಿ, ಹೇಳಿ" ಎಂದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿದವನಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಬೇರೆ ಉಂಟೆ? ಕನ್ನಡಕವನ್ನು ಏರಿಸಿಕೊಂಡು ಹಾಳೆಯನ್ನು ನೋಡಿದೆ. ನೋಡಿದ ಮೇಲೆ, ಉತ್ತರ ಹೇಳುವ ಅಧಿಕಾರ ನನಗಿಲ್ಲವೆಂಬುದು ಗೊತ್ತಾಯಿತು.

ನಮ್ಮ ಕಾಲದ ಆಯ್ಕೆ ಬಹು ಸರಳವಾಗಿತ್ತು. 1967ರಲ್ಲಿ ನಾನು ಪಿ.ಯು.ಸಿ. ಸೇರಲು ಹೋದೆ. ಆಗ ಅದು ಒಂದೇ ವರ್ಷದ ವ್ಯಾಸಂಗ. ಕಚೇರಿಯ ಗುಮಾಸ್ತರು ತಲೆಯೆತ್ತದೆ, "ಡಾಕ್ಟರೋ, ಇಂಜಿನಿಯರೋ?" ಎಂದು ಕೇಳಿದರು. ನನ್ನ ತಂದೆಯವರು ನನ್ನ ಪರವಾಗಿ "ಡಾಕ್ಟರು" ಎಂದರು. ಜೀವಶಾಸ್ತ್ರ ಬಂತು, ಗಣಿತ ಹೋಯಿತು. ವೈದ್ಯಕೀಯಕ್ಕೆ ಸೀಟು ಸಿಗಲಿಲ್ಲ. ಹಿಂದಿರುಗಿ ನೋಡಿದರೆ ಗಣಿತದ ಬಾಗಿಲೂ ಮುಚ್ಚಿತ್ತು. ಗಿಡಮರಗಳ ನಡುವೆ ನಾನು ಸುಖವಾಗಿಯೇ ಬಾಳಿದೆನೆನ್ನಿ. ಆದರೂ ಹದಿನಾರರ ವಯಸ್ಸಿನಲ್ಲಿ, ಅರ್ಧ ನಿಮಿಷದಲ್ಲಿ ಮುಚ್ಚಿಹೋದ ಆ ಬಾಗಿಲಿನ ಸದ್ದು ಇಂದಿಗೂ ಒಮ್ಮೊಮ್ಮೆ ಕೇಳಿಸುತ್ತದೆ.

ಅಮೆರಿಕದಲ್ಲಿ ಪ್ರೌಢಶಾಲೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷ. ನಮ್ಮಲ್ಲಿಯಂತೆ ವಿಷಯಗಳನ್ನು ಗುಂಪು ಕಟ್ಟಿ ಕೊಡುವುದಿಲ್ಲ. ಇಂಗ್ಲಿಷ್, ಗಣಿತ, ವಿಜ್ಞಾನ, ಚರಿತ್ರೆ ಇಷ್ಟಿಷ್ಟು ವರ್ಷ ಓದಿರಬೇಕೆಂಬ ನಿಯಮವನ್ನು ಪಾಲಿಸಿ, ಉಳಿದುದನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಒಂದೇ ವಿಷಯವೂ ಹಲವು ಮಟ್ಟಗಳಲ್ಲಿ ದೊರೆಯುತ್ತದೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್', ಜನರ ಬಾಯಲ್ಲಿ ಎ.ಪಿ. ಪ್ರೌಢಶಾಲೆಯಲ್ಲಿಯೇ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ ಹೇಳುವ ಏರ್ಪಾಡು ಇದು. 1950ರ ದಶಕದ ಆರಂಭದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆದ ಪ್ರಯೋಗಗಳಿಂದ ಹುಟ್ಟಿ, 1955ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಕೈಗೆ ಬಂತು. ಚುರುಕಾದ ಹುಡುಗರು ಶಾಲೆಯಲ್ಲಿ ಕಲಿತದ್ದನ್ನೇ ಕಾಲೇಜಿನಲ್ಲಿ ಮತ್ತೆ ಕಲಿತು ಬೇಸರಪಡಬಾರದೆಂಬುದು ಮೂಲ ಉದ್ದೇಶ. ಇಂದು ಸುಮಾರು 40 ವಿಷಯಗಳಲ್ಲಿ ಈ ಪಾಠಗಳಿವೆ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಶ್ರೇಣಿ, 5 ಅತ್ಯುತ್ತಮ.

ಇಲ್ಲಿ ಒಂದು ಸೂಕ್ಷ್ಮವಿದೆ. ಹನ್ನೆರಡನೆಯ ತರಗತಿಯವರು ಕಾಲೇಜಿಗೆ ಅರ್ಜಿ ಹಾಕುವುದು ನವೆಂಬರಿನಿಂದ ಜನವರಿಯೊಳಗೆ. ಪ್ರವೇಶದ ನಿರ್ಧಾರ ಏಪ್ರಿಲ್ ಹೊತ್ತಿಗೆ ಕೈಸೇರುತ್ತದೆ. ಆ ವರ್ಷದ ಎ.ಪಿ. ಫಲಿತಾಂಶ ಬರುವುದು ಜುಲೈನಲ್ಲಿ! ಅಂದಮೇಲೆ ಕಡೆಯ ವರ್ಷದಲ್ಲಿ ಪ್ರವೇಶಕ್ಕೆ ನೆರವಾಗುವುದು ಪರೀಕ್ಷೆಯ ಅಂಕವಲ್ಲ, ವಿದ್ಯಾರ್ಥಿ ಯಾವ ಪಾಠಗಳನ್ನು ಆರಿಸಿಕೊಂಡಿದ್ದಾನೆ, ತರಗತಿಯಲ್ಲಿ ಹೇಗೆ ನಡೆಸುತ್ತಿದ್ದಾನೆ ಎಂಬ ಸಂಗತಿ. ಅದನ್ನೂ ಆ ಶಾಲೆಯಲ್ಲಿ ಏನೇನು ದೊರೆಯುತ್ತಿತ್ತು ಎಂಬುದರೊಡನೆ ಹೋಲಿಸಿ ನೋಡುತ್ತಾರೆ. ಶಾಲೆಯಲ್ಲಿ ಇಲ್ಲದ ಪಾಠವನ್ನು ಓದಲಿಲ್ಲವೆಂದು ಯಾರೂ ದೂರುವುದಿಲ್ಲ. ಪ್ರವೇಶ ಸಿಕ್ಕಿತೆಂದು ಕೈಚೆಲ್ಲಿ ಕೂತರೆ ಮಾತ್ರ ಅಪಾಯ: ಕಡೆಯ ಅಂಕಪಟ್ಟಿ ತೀರ ಕುಸಿದರೆ ಕೊಟ್ಟ ಸೀಟನ್ನು ಹಿಂದೆಗೆದುಕೊಳ್ಳಬಹುದು.

ಅಂಕದ ಉಪಯೋಗ ಆಮೇಲೆ. ಒಳ್ಳೆಯ ಶ್ರೇಣಿ ಬಂದರೆ ಕೆಲವು ಕಾಲೇಜುಗಳು ಆ ವಿಷಯದ ಮೊದಲ ಪಾಠವನ್ನು ಓದಿದಂತೆಯೇ ಎಣಿಸುತ್ತವೆ. ಎಲ್ಲ ಕಡೆಯೂ ಒಂದೇ ನ್ಯಾಯವಿಲ್ಲ. ಡಾರ್ಟ್‌ಮತ್ ಕಾಲೇಜು, 2018ರಲ್ಲಿ ಪದವಿ ಪಡೆಯುವ ತಂಡದಿಂದ ಮೊದಲುಗೊಂಡು, ಎ.ಪಿ. ಅಂಕಕ್ಕೆ ಪದವಿಯ ಲೆಕ್ಕದಲ್ಲಿ ಬೆಲೆ ಕೊಡುವುದನ್ನು ನಿಲ್ಲಿಸಿತು. ವೈದ್ಯಕೀಯ ಶಾಲೆಗಳಲ್ಲಿಯೂ ಅನೇಕವು, ರಸಾಯನಶಾಸ್ತ್ರ ಜೀವಶಾಸ್ತ್ರಗಳನ್ನು ಕಾಲೇಜಿನಲ್ಲಿಯೇ ಓದಿ ಬನ್ನಿ ಎನ್ನುತ್ತವೆ.

ಇಷ್ಟನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಮೊದಲು ನಾನು ಮಾಡಿದ್ದು ತಪ್ಪು. ಅಲ್ಲಿನ ನಮ್ಮ ಕನ್ನಡಿಗರ ಮನೆಗಳಲ್ಲಿ ಊಟಕ್ಕೆ ಕೂತಾಗ ಹೋಳಿಗೆಯ ಜೊತೆಗೇ ಬಡಿಸುವ ಪ್ರಶ್ನೆಯೊಂದಿದೆ: "ನಿಮ್ಮ ಹುಡುಗ ಎಷ್ಟು ಎ.ಪಿ. ತೊಗೊಂಡಿದಾನೆ?" ಒಬ್ಬರು ಎಂಟು ಎನ್ನುವರು, ಇನ್ನೊಬ್ಬರು ಹತ್ತು. ಈ ಹರಾಜಿನ ಗಾಳಿ ನನಗೂ ಸೋಕಿತ್ತು. "ಆರು ತೊಗೋ ಮಗು, ವಿದ್ಯೆ ಎಂದೂ ಭಾರವಲ್ಲ" ಎಂದೆ. ಅವಳು ಮೆಲ್ಲನೆ, "ತಾತ, ಈ ವರ್ಷ ಮೂರಕ್ಕೇ ರಾತ್ರಿ ಒಂದು ಗಂಟೆ ಆಗತ್ತೆ. ಆರಾದ್ರೆ ವಯೊಲಿನ್ ಬಿಡಬೇಕು" ಎಂದಳು. ಅಡಿಗೆಮನೆಯಿಂದ ಮಗಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ, 1967ರ ಗುಮಾಸ್ತರ ಮೇಜಿನ ಮುಂದೆ ನನ್ನ ಪರವಾಗಿ ಮಾತಾಡಿದ ದನಿ ಈಗ ನನ್ನದೇ ಆಗಿರುವುದು ಹೊಳೆಯಿತು.

ದಾರಿ ತೋರಿಸಿದವರು ಅವಳ ಶಾಲೆಯ ಸಲಹೆಗಾರರು. ಅವರು ಹೇಳಿದ ಉಪಾಯ ಚಿಕ್ಕದು: ಸೇರಬೇಕೆಂದಿರುವ ವಿದ್ಯಾಲಯದ ಕೈಪಿಡಿಯನ್ನು ತೆರೆದು, ಬೇಕೆಂದಿರುವ ವಿಷಯದ ಮೊದಲ ವರ್ಷದಲ್ಲಿ ಏನೇನು ಪಾಠವಿದೆಯೆಂದು ಓದಿ, ಕಡೆಯ ವರ್ಷದ ಆಯ್ಕೆ ಅದಕ್ಕೆ ಅಡಿಪಾಯವಾಗಲಿ. ಮೊಮ್ಮಗಳಿಗೆ ಸೇತುವೆ ಕಟ್ಟುವ ಇಂಜಿನಿಯರಾಗುವ ಆಸೆ. ನಾವಿಬ್ಬರೂ ಕೂತು ಓದಿದೆವು. ಮೊದಲ ವರ್ಷದಲ್ಲಿ ಕಲನಶಾಸ್ತ್ರ, ಅದನ್ನು ಬಳಸುವ ಭೌತಶಾಸ್ತ್ರ, ರಸಾಯನಶಾಸ್ತ್ರ, ಇಂಗ್ಲಿಷ್ ಬರವಣಿಗೆ. ಮನಶ್ಶಾಸ್ತ್ರವಾಗಲಿ, ಪರಿಸರಶಾಸ್ತ್ರವಾಗಲಿ ಅಲ್ಲಿ ಇರಲಿಲ್ಲ. ಅವು ನನ್ನ ಆರರ ಲೆಕ್ಕ ತುಂಬಿಸಲು ಬಂದವು.

ಒಂದೇ ಹೆಸರಿನ ಪಾಠಗಳಲ್ಲಿಯೂ ವ್ಯತ್ಯಾಸವುಂಟು. ಕಲನಶಾಸ್ತ್ರದಲ್ಲಿ ಎ.ಬಿ., ಬಿ.ಸಿ. ಎಂದು ಎರಡು. ಮೊದಲನೆಯದು ಕಾಲೇಜಿನ ಸುಮಾರು ಒಂದು ಸೆಮಿಸ್ಟರಿಗೆ, ಎರಡನೆಯದು ಎರಡು ಸೆಮಿಸ್ಟರಿಗೆ ಸಮ. ಅನಂತ ಶ್ರೇಣಿಗಳು ಬಿ.ಸಿ.ಯಲ್ಲಿ ಮಾತ್ರ ಬರುತ್ತವೆ. ಭೌತಶಾಸ್ತ್ರದಲ್ಲಿ 1 ಮತ್ತು 2 ಎಂಬ ಪಾಠಗಳಿಗೆ ಬೀಜಗಣಿತ ಸಾಕು. 'ಸಿ' ಎಂಬುದಕ್ಕೆ ಕಲನಶಾಸ್ತ್ರ ಬೇಕು. ಇಂಜಿನಿಯರಿಂಗಿಗೆ ಹೊಂದುವುದು ಈ 'ಸಿ'. ಅರ್ಥಶಾಸ್ತ್ರಕ್ಕೆ ಹೋಗುವವರಿಗೆ ಕಲನಶಾಸ್ತ್ರವೂ ಸಂಖ್ಯಾಶಾಸ್ತ್ರವೂ ಬೇಕು. ಮನಶ್ಶಾಸ್ತ್ರ, ಸಮಾಜಶಾಸ್ತ್ರ ಓದುವವರನ್ನೂ ಸಂಖ್ಯಾಶಾಸ್ತ್ರ ಬಿಡುವುದಿಲ್ಲ. ಕಂಪ್ಯೂಟರ್ ಓದುವವರು ಅದರ ಎ.ಪಿ. ಪಾಠವೊಂದನ್ನೇ ನಂಬಿ ಗಣಿತವನ್ನು ಕಡೆಗಣಿಸಬಾರದು. ಸಾಹಿತ್ಯ, ಚರಿತ್ರೆಗಳನ್ನು ಬಯಸುವವರಿಗೆ ಇಂಗ್ಲಿಷ್ ಸಾಹಿತ್ಯದ ಜೊತೆಗೆ, ಕಲಿಯುತ್ತಿರುವ ಪರಭಾಷೆಯನ್ನು ಕಡೆಯ ವರ್ಷದಲ್ಲಿ ಕೈಬಿಡದಿರುವುದು ದೊಡ್ಡ ಆಸ್ತಿ.

ಅಡಿಪಾಯ ಬೇಗ ಏಳಬೇಕೆಂಬ ಆತುರವೂ ಕೂಡದು. ಅಂಕ ಬಂತೆಂದು ಕಾಲೇಜಿನ ಮೊದಲ ಕಲನಶಾಸ್ತ್ರವನ್ನು ಹಾರಿ, ಎರಡನೆಯದರಲ್ಲಿ ಮುಗ್ಗರಿಸುವವರುಂಟು. ಗಣಿತ ಅಲುಗಾಡುತ್ತಿದ್ದರೆ ಎ.ಬಿ.ಯನ್ನು ಚೆನ್ನಾಗಿ ಕಲಿಯುವುದು, ಬಿ.ಸಿ.ಯಲ್ಲಿ ಏದುಸಿರು ಬಿಡುವುದಕ್ಕಿಂತ ಮೇಲು.

ಇನ್ನೊಂದು ಮಾತು. ಅಲ್ಲಿ ಬಹುಮಟ್ಟಿಗೆ ಕಾಲೇಜಿನ ಎರಡನೆಯ ವರ್ಷದ ಕೊನೆಯವರೆಗೆ ಮುಖ್ಯ ವಿಷಯವನ್ನು ಗೊತ್ತುಮಾಡಿಕೊಳ್ಳಲು ಅವಕಾಶವಿದೆ; ಇಂಜಿನಿಯರಿಂಗಿನಂಥವು ಕೆಲವು ಕಡೆ ಇದಕ್ಕೆ ಹೊರತು. ಗೊತ್ತುಮಾಡಿಕೊಂಡ ಮೇಲೂ ಮನಸ್ಸು ತಿರುಗುತ್ತದೆ. ಪದವಿ ವ್ಯಾಸಂಗಕ್ಕೆ ಸೇರಿದವರಲ್ಲಿ ಸುಮಾರು ಮೂರರಲ್ಲೊಬ್ಬರು ಮೂರು ವರ್ಷದೊಳಗೆ ವಿಷಯವನ್ನು ಬದಲಾಯಿಸಿಕೊಂಡರೆಂದು ಅಲ್ಲಿನ ಸರ್ಕಾರದ ಶಿಕ್ಷಣ ಅಂಕಿಅಂಶ ಕೇಂದ್ರ 2017ರಲ್ಲಿ ವರದಿ ಮಾಡಿತು. ಆದುದರಿಂದ ಆಯ್ಕೆ ಗುರಿಗೆ ಹೊಂದಲಿ, ಆದರೆ ಗುರಿ ಬದಲಾದರೂ ನಿಲ್ಲುವಂತಿರಲಿ. ಗಣಿತ, ಒಂದು ವಿಜ್ಞಾನ, ಚೆನ್ನಾಗಿ ಬರೆಯುವ ಅಭ್ಯಾಸ, ಇವು ಯಾವ ಬಾಗಿಲನ್ನೂ ಮುಚ್ಚುವುದಿಲ್ಲ.

ಕಡೆಗೆ ಅವಳು ತಾನೇ ಬರೆದ ಪಟ್ಟಿ ಹೀಗಿತ್ತು: ಕಲನಶಾಸ್ತ್ರ ಬಿ.ಸಿ., ಭೌತಶಾಸ್ತ್ರ ಸಿ, ರಸಾಯನಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ನಾಲ್ಕು ಎ.ಪಿ. ಪಾಠಗಳು. ಅವುಗಳ ಜೊತೆಗೆ ಸಾಮಾನ್ಯ ಮಟ್ಟದ ಸ್ಪ್ಯಾನಿಷ್, ಮತ್ತು ಶಾಲೆಯ ವಾದ್ಯಗೋಷ್ಠಿ. ಹಾಳೆಯ ಕೆಳಗೆ ಪೋಷಕರ ಸಹಿಗೆ ಜಾಗವಿತ್ತು. ಮಗಳು ಸಹಿ ಮಾಡುವ ಮುನ್ನ, "ಇದು ನಿನ್ನ ಆಯ್ಕೆ ತಾನೇ?" ಎಂದು ಕೇಳಿದಳು. ಅವಳು ಹೌದೆಂದಳು. ಆ ಒಂದು ಪ್ರಶ್ನೆಗೆ ಹಿಡಿದದ್ದೂ ಅರ್ಧ ನಿಮಿಷವೇ. ಕೇಳುಗರಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇಂಥ ಹಾಳೆಯೊಂದನ್ನು ಮುಂದಿಟ್ಟಾಗ, ಅದು ಅಮೆರಿಕದ್ದಾಗಲಿ, ನಮ್ಮೂರಿನ ಪಿ.ಯು. ಕಾಲೇಜಿನದಾಗಲಿ, ಸಹಿಗೆ ಮೊದಲು ಆ ಪ್ರಶ್ನೆಯನ್ನು ಕೇಳಬೇಕೆಂದು ನನ್ನ ಪ್ರಾರ್ಥನೆ.