ಅಂಧರಿಗೆ ಗಣಕಯಂತ್ರವು ದಕ್ಕಿದ ಬಗೆ

ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಆರು ಚುಕ್ಕಿಗಳ ಲಿಪಿಯು ಅಂಧರಿಗೆ ವಿದ್ಯೆಯ ಬಾಗಿಲನ್ನು ತೆರೆಯಿತೆಂಬುದು ಸರ್ವವಿದಿತ. ಆದರೆ ಆ ಬಾಗಿಲಿನಿಂದ ಒಳಗೆ ಬಂದುದು ಯಾರಾದರೂ ಶ್ರಮವಹಿಸಿ ಬ್ರೈಲಿಗೆ ಇಳಿಸಿಕೊಟ್ಟ ಪುಸ್ತಕ ಮಾತ್ರ. ಈ ದಿನದ ಅಂಚೆಯಲ್ಲಿ ಬಂದ ಕಾಗದ, ಕಛೇರಿಯ ಸುತ್ತೋಲೆ, ಬ್ಯಾಂಕಿನ ಪಾಸ್‌ಬುಕ್ಕು ಇವುಗಳಿಗೆಲ್ಲ ಅನ್ಯರ ಕಣ್ಣೇ ಗತಿಯಾಗಿತ್ತು. ತನ್ನ ಖಾತೆಯಲ್ಲಿರುವ ಹಣವೆಷ್ಟೆಂಬುದನ್ನು ಮತ್ತೊಬ್ಬನ ಬಾಯಿಂದ ಕೇಳಿ ತಿಳಿಯಬೇಕಾದವನ ಪರಾಧೀನತೆ ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ. ಯಂತ್ರದ ಮೂಲಕ ಈ ಪರಾಧೀನತೆಯನ್ನು ಕಳೆಯಲು ನಡೆದ ಪ್ರಯತ್ನಗಳ ಚರಿತ್ರೆ ಗಣಕಯಂತ್ರಕ್ಕಿಂತಲೂ ಹಳೆಯದು.

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿದ್ದ ಫೂರ್ನಿಯೇ ಡಾಲ್ಬ್ ಎಂಬ ಭೌತವಿಜ್ಞಾನಿ 1914ರ ವೇಳೆಗೆ ಆಪ್ಟೋಫೋನ್ ಎಂಬ ಓದುವ ಯಂತ್ರವನ್ನು ರಚಿಸಿದರು. ಬೆಳಕು ಬಿದ್ದಾಗ ಸೆಲಿನಿಯಮ್ ಧಾತುವಿನ ವಿದ್ಯುದ್ವಾಹಕತೆ ಹೆಚ್ಚುತ್ತದೆ. ಈ ಗುಣವನ್ನು ಆಶ್ರಯಿಸಿ, ಮುದ್ರಿತ ಅಕ್ಷರದ ಕಪ್ಪು-ಬಿಳುಪುಗಳನ್ನು ನಾನಾ ಸ್ವರಗಳನ್ನಾಗಿ ಮಾರ್ಪಡಿಸಿ ಕಿವಿಗೆ ಒಪ್ಪಿಸುವುದು ಆ ಯಂತ್ರದ ಕ್ರಮ. ಮೇರಿ ಜೇಮ್ಸನ್ ಎಂಬ ಅಂಧ ಮಹಿಳೆ 1918ರಲ್ಲಿ ಇದರಿಂದ ಓದಿ ತೋರಿಸಿದರು. ಆಗಿನ ವೇಗ ನಿಮಿಷಕ್ಕೆ ಸುಮಾರು ಒಂದು ಪದ! ಮುಂದೆ ಆಕೆ ಅಭ್ಯಾಸಬಲದಿಂದ ಬಹಳ ವೇಗವಾಗಿ ಓದಬಲ್ಲವರಾದರೂ ಅಂಥ ತಾಳ್ಮೆ ಎಲ್ಲರಿಗೂ ಸಾಧ್ಯವಾದುದಲ್ಲ.

ಗಣಕಯಂತ್ರವು ಅಂಧರ ಸೇವೆಗೆ ಮೊದಲು ಬಂದುದು ಲಿಪಿಕಾರನಾಗಿ. ಇಂಗ್ಲಿಷ್ ಬ್ರೈಲಿನಲ್ಲಿ ನೂರೆಂಬತ್ತಕ್ಕೂ ಮಿಕ್ಕ ಸಂಕ್ಷೇಪಗಳಿದ್ದು, ಅವನ್ನು ಬಲ್ಲ ಲಿಪಿಕಾರರು ವಿರಳವಾಗಿದ್ದರು. ಐಬಿಎಂ ಸಂಸ್ಥೆಯ ದೊಡ್ಡ ಗಣಕಗಳಿಗೆ ಈ ನಿಯಮಗಳನ್ನು ಕಲಿಸಿ, ಲೂಯಿವಿಲ್ಲಿನ ಅಮೆರಿಕನ್ ಪ್ರಿಂಟಿಂಗ್ ಹೌಸ್ ಫಾರ್ ದಿ ಬ್ಲೈಂಡ್ 1960ರ ದಶಕದಲ್ಲಿ ಪುಸ್ತಕಗಳನ್ನು ಸಿದ್ಧಪಡಿಸತೊಡಗಿತು. ಇದರಿಂದ ಪುಸ್ತಕಗಳು ಹೆಚ್ಚಿದುವೇ ಹೊರತು, ಓದುಗನು ಮಾತ್ರ ಇದ್ದಲ್ಲಿಯೇ ಇದ್ದನು.

ಅವನ ಕೈಗೇ ಯಂತ್ರವನ್ನು ಕೊಟ್ಟ ಕೀರ್ತಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕ ಜಾನ್ ಲಿನ್ವಿಲ್ ಅವರಿಗೆ ಸಲ್ಲುತ್ತದೆ. ಅವರ ಮಗಳು ಎಳೆಯ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದಳು. ಪಠ್ಯಗಳನ್ನು ತಾಯಿಯೇ ಕೈಯಿಂದ ಬ್ರೈಲಿಗೆ ಇಳಿಸಿಕೊಡುತ್ತಿದ್ದರು. ಜರ್ಮನಿಯಲ್ಲಿ ಸಣ್ಣ ಸೂಜಿಗಳಿಂದ ಅಕ್ಷರವನ್ನು ಒತ್ತುವ ವೇಗದ ಮುದ್ರಣಯಂತ್ರವನ್ನು ಕಂಡಾಗ, ಆ ಸೂಜಿಗಳನ್ನು ಬೆರಳಿಗೇ ತಾಗಿಸಿದರೆ ಅಕ್ಷರದ ಆಕಾರವು ತಿಳಿಯಲಾರದೆ ಎಂಬ ಆಲೋಚನೆ ತಂದೆಗೆ ಹೊಳೆಯಿತು. ಜೇಮ್ಸ್ ಬ್ಲಿಸ್ ಅವರ ಸಹಯೋಗದಿಂದ ಅದು ಆಪ್ಟಕಾನ್ ಎಂಬ ಯಂತ್ರವಾಗಿ 1971ರಲ್ಲಿ ಮಾರುಕಟ್ಟೆಗೆ ಬಂದಿತು. ಬಲಗೈಯಲ್ಲಿ ಹಿಡಿದ ಪುಟ್ಟ ಕ್ಯಾಮೆರಾ ಸಾಲಿನ ಮೇಲೆ ಸರಿದಂತೆಲ್ಲ, ಎಡಗೈ ತೋರುಬೆರಳಿನ ಕೆಳಗೆ 24 ಸಾಲು, 6 ಕಂಬಗಳಲ್ಲಿ ಜೋಡಿಸಿದ 144 ಸೂಜಿಗಳು ಅಕ್ಷರದ ಆಕೃತಿಯಲ್ಲಿ ಕಂಪಿಸುತ್ತಿದ್ದುವು. ಮಗಳು ಮುಂದೆ ಸ್ಟ್ಯಾನ್‌ಫರ್ಡಿನಲ್ಲಿಯೇ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದಳು. ಈ ಯಂತ್ರವು ಅಕ್ಷರವನ್ನು ಗುರುತಿಸುತ್ತಿರಲಿಲ್ಲ, ಕೇವಲ ಆಕಾರವನ್ನು ಮುಟ್ಟಿಸುತ್ತಿತ್ತು. ಆದುದರಿಂದಲೇ ಅದಕ್ಕೆ ಭಾಷೆಯ ಹಂಗಿರಲಿಲ್ಲ. ತತ್ತ್ವತಃ ಕನ್ನಡದ ಒತ್ತಕ್ಷರವನ್ನೂ ಅದು ಮುಟ್ಟಿಸಬಲ್ಲುದಾಗಿತ್ತು. ಗಣಕದ ಪರದೆಯನ್ನು ಓದಲು ಹೊಂದುವ ಮಸೂರವೂ ಅದಕ್ಕೆ ದೊರೆಯುತ್ತಿತ್ತು. 1976ರಲ್ಲಿ ರೇ ಕುರ್ಜ್ವೈಲ್ ಪ್ರಕಟಿಸಿದ ಯಂತ್ರವು ಇದಕ್ಕೆ ವಿರುದ್ಧ ಸ್ವಭಾವದ್ದು. ಅದು ಮುದ್ರಿತ ಅಕ್ಷರಗಳನ್ನು ಯಾವ ಅಚ್ಚುಮೊಳೆಯಲ್ಲಿದ್ದರೂ ಗುರುತಿಸಿ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿತ್ತು.

ಅಷ್ಟರಲ್ಲಿ ಕಛೇರಿಗಳಲ್ಲಿ ಕಾಗದದ ಸ್ಥಾನಕ್ಕೆ ಪರದೆ ಬರತೊಡಗಿತ್ತು. ಈ ಬದಲಾವಣೆಯು ಅಂಧರಿಗೆ ಅಯಾಚಿತವಾದೊಂದು ಅನುಕೂಲವನ್ನು ತಂದಿತು. 1981ರಲ್ಲಿ ಬಂದ ಐಬಿಎಂ ವೈಯಕ್ತಿಕ ಗಣಕದ ಪರದೆಯನ್ನು ಒಂದು ಲೆಡ್ಜರಿನ ಪುಟವೆಂದು ಭಾವಿಸಬಹುದು: 25 ಸಾಲು, ಸಾಲಿಗೆ 80 ಮನೆ, ಒಟ್ಟು 2000 ಮನೆ. ಮನೆಗೊಂದು ಅಕ್ಷರ. ಯಾವ ಮನೆಯಲ್ಲಿ ಯಾವ ಅಕ್ಷರವಿದೆಯೆಂಬುದು ಗಣಕದ ಸ್ಮೃತಿಯಲ್ಲಿ ಸಂಕೇತರೂಪವಾಗಿ ದಾಖಲಾಗಿರುತ್ತಿತ್ತು. ಪರದೆಯನ್ನು ನೋಡುವ ಅಗತ್ಯವೇ ಇಲ್ಲದೆ, ಈ ದಾಖಲೆಯನ್ನು ತೆಗೆದು ಮಾತನಾಡುವ ಉಪಕರಣಕ್ಕೆ ಕಳುಹಿಸಿದರೆ ಸಾಕು. ಐಬಿಎಂ ಸಂಶೋಧನಾಲಯದಲ್ಲಿದ್ದ ಗಣಿತಜ್ಞ ಜಿಮ್ ಥ್ಯಾಚರ್, ತಮ್ಮ ಗುರುವೂ ಸಹೋದ್ಯೋಗಿಯೂ ಆಗಿದ್ದ ಅಂಧ ವಿದ್ವಾಂಸ ಜೆಸ್ಸಿ ರೈಟ್ ಅವರೊಡನೆ ಕಲೆತು ಮಾಡಿದ್ದು ಇದನ್ನೇ. ಅವರ ತಂತ್ರಾಂಶವು 1986ರಲ್ಲಿ ‘ಸ್ಕ್ರೀನ್ ರೀಡರ್’ ಎಂಬ ಹೆಸರಿನಿಂದ ಹೊರಬಂದಿತು. ಆ ಹೆಸರೇ ಇಂದು ಆ ಜಾತಿಯ ತಂತ್ರಾಂಶಗಳಿಗೆಲ್ಲ ಸಾಮಾನ್ಯನಾಮವಾಗಿದೆ. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೋಟಾರ್‌ಸೈಕಲ್ ಪಂದ್ಯಗಾರ ಟೆಡ್ ಹೆಂಟರ್ ಅವರ ‘ಜಾಸ್’ 1989ರಲ್ಲಿ ಬಂದಿತು. ಅಂಧನು ಕಣ್ಣುಳ್ಳವನ ಪಕ್ಕದಲ್ಲಿ ಕುಳಿತು, ಅದೇ ಯಂತ್ರದಲ್ಲಿ, ಅದೇ ಕೆಲಸವನ್ನು ಮಾಡುವ ಕಾಲ ಒದಗಿತು.

ಆದರೆ ಅಯಾಚಿತವಾಗಿ ಬಂದುದು ಅಯಾಚಿತವಾಗಿಯೇ ಹೋಗುವ ಸಂದರ್ಭವೂ ಬಂದಿತು. 1984ರ ಮ್ಯಾಕಿಂತೋಷ್, 1990ರ ವಿಂಡೋಸ್ 3.0 ಇವುಗಳಲ್ಲಿ ಪರದೆಯು ಲೆಡ್ಜರಾಗಿ ಉಳಿಯದೆ ಚಿತ್ರಪಟವಾಯಿತು. ಸ್ಮೃತಿಯಲ್ಲಿ ಅಕ್ಷರಗಳ ಸಂಕೇತಕ್ಕೆ ಬದಲಾಗಿ ಬಣ್ಣದ ಬಿಂದುಗಳು ಮಾತ್ರ ಉಳಿದುವು. ಕಣ್ಣುಳ್ಳವರಿಗೆ ಸುಲಭವೆಂದು ಹೊಗಳಿಸಿಕೊಂಡ ಆ ಚಿತ್ರಗಳೇ, ಗಣಕವನ್ನು ನಂಬಿ ಉದ್ಯೋಗ ಹಿಡಿದಿದ್ದ ಅಂಧರ ಅನ್ನಕ್ಕೆ ಕುತ್ತಾಗುವಂತಿತ್ತು. ಪರಿಹಾರವು ಜಾಣತನದ್ದು. ಅಕ್ಷರವು ಬಿಂದುಗಳಾಗಿ ಚದರುವ ಮುನ್ನ, ‘ಇಲ್ಲಿ ಈ ಪದವನ್ನು ಬರೆ’ ಎಂಬ ಆಜ್ಞೆಯು ಗಣಕದೊಳಗೆ ಸಂಚರಿಸಲೇಬೇಕಷ್ಟೆ? ಆ ಆಜ್ಞೆಯನ್ನು ದಾರಿಯಲ್ಲಿಯೇ ತಡೆದು ನಕಲು ಮಾಡಿಕೊಂಡು, ಪರದೆಯ ಹಿಂದೆ ಮತ್ತೊಂದು ಗುಪ್ತ ಲೆಡ್ಜರನ್ನು ಬರೆದಿಡುವ ಉಪಾಯವನ್ನು ತಂತ್ರಜ್ಞರು ಕಂಡುಕೊಂಡರು. ಮ್ಯಾಕಿಂತೋಷಿಗೆ 1989ರಲ್ಲಿ ಬರ್ಕ್ಲಿ ಸಿಸ್ಟಮ್ಸ್ ಸಂಸ್ಥೆಯ ‘ಔಟ್‌ಸ್ಪೋಕನ್’, ವಿಂಡೋಸಿಗೆ 1995ರಲ್ಲಿ ‘ಜಾಸ್’ ಬಂದುವು. ನಡುವಣ ವರ್ಷಗಳಲ್ಲಿ ಹಳೆಯ ಯಂತ್ರಕ್ಕೇ ಅಂಟಿಕೊಂಡಿರುವುದಲ್ಲದೆ ಅನೇಕರಿಗೆ ಬೇರೆ ದಾರಿಯಿರಲಿಲ್ಲ.

ಭಾರತದಲ್ಲಿ 1951ರ ಸುಮಾರಿಗೆ ರೂಪುಗೊಂಡ ಭಾರತಿ ಬ್ರೈಲ್ ಕನ್ನಡಕ್ಕೂ ಆರು ಚುಕ್ಕಿಗಳ ಲಿಪಿಯನ್ನು ಒದಗಿಸಿತು. ಆಸ್ಟ್ರೇಲಿಯದ ಅಂಧ ತರುಣ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಉಚಿತವಾಗಿ ದೊರೆಯುತ್ತಿದ್ದು, ‘ಈಸ್ಪೀಕ್’ ಎಂಬ ಧ್ವನಿ ತಂತ್ರಾಂಶದ ನೆರವಿನಿಂದ ಕನ್ನಡವನ್ನೂ ಓದುತ್ತದೆ. ಆದರೂ ಕನ್ನಡದ ಅಂಧ ಓದುಗನಿಗೆ ವಿಲಕ್ಷಣವಾದೊಂದು ವಿಘ್ನವುಂಟು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದುವು. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವುದು ಸ್ಮೃತಿಯಲ್ಲಿ ರೋಮನ್ನಿನ ‘ಪಿ’ಯಿಂದ ಮೊದಲಾಗುವ ಅಸಂಬದ್ಧ ಸರಣಿಯಾಗಿರುತ್ತದೆ, ಪರದೆಯೋದುಗವು ಆ ಅಸಂಬದ್ಧವನ್ನೇ ಉಚ್ಚರಿಸುತ್ತದೆ. ಹೊರನಾಡಿನ ಸಂಘಗಳ ಪ್ರಕಟಣೆಗಳಲ್ಲಿ ಈ ರೀತಿ ಅಕ್ಷರ ಜೋಡಿಸಿದವುಗಳು ಅಲ್ಪವೇನಲ್ಲ. ಮೂಲ ಕಡತವು ಉಳಿದಿದ್ದಲ್ಲಿ ಅದನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಲಭ್ಯವಿವೆ. ಅಚ್ಚಿನ ಪ್ರತಿ ಮಾತ್ರ ಉಳಿದಿದ್ದಲ್ಲಿ, ಕುರ್ಜ್ವೈಲ್ 1976ರಲ್ಲಿ ಇಂಗ್ಲಿಷಿಗೆ ಮಾಡಿದ ಕೆಲಸವನ್ನು ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೊಡನೆ ಪುಟಪುಟಕ್ಕೂ ಮಾಡಿ, ತಪ್ಪುಗಳನ್ನು ಕಣ್ಣುಳ್ಳವರು ಕುಳಿತು ತಿದ್ದಬೇಕಾಗುತ್ತದೆ.