ರಮ್ಮಿನ ಭಟ್ಟಿಯಲ್ಲಿ ಒಂದು ಬೆಳಗು

ಮತ್ತಿಕೆರೆಯ ನಮ್ಮ ಮನೆಯಲ್ಲಿ ಮದ್ಯದ ಹೆಸರೆತ್ತುವುದೂ ಸಲ್ಲದೆಂಬ ಕಟ್ಟಿನಲ್ಲಿ ಬೆಳೆದವನು ನಾನು. ಅಂಥವನು ರಮ್ಮನ್ನಿಳಿಸುವ ಕಾರ್ಖಾನೆಯೊಂದನ್ನು ನೋಡಿಬಂದು, ಅದರ ಸಂಗತಿಯನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಬರೆಯಹೊರಟಿದ್ದಾನೆಂದರೆ ವಾಚಕರು ಹುಬ್ಬೇರಿಸುವುದು ಸಹಜವೇ. ವಾಸ್ತವವಾಗಿ ಅಲ್ಲಿಗೆ ಹೋಗಬೇಕಾಗಿದ್ದವನು ನನ್ನ ಮಗ. ಅವನಿಗೆ ಆ ದಿವಸ ಕಛೇರಿಯ ಕೆಲಸ ಒದಗಿ, ಹಣ ಕೊಟ್ಟು ಗೊತ್ತುಮಾಡಿದ್ದ ಎರಡು ಸ್ಥಳಗಳು ವ್ಯರ್ಥವಾಗುವಂತಾದುವು. ಕಣ್ಣಿನ ಚಿಕಿತ್ಸೆಗಾಗಿ ಮಂಡ್ಯದ ಕಡೆಯಿಂದ ಬಂದು ನಮ್ಮಲ್ಲಿ ಇಳಿದುಕೊಂಡಿದ್ದ ನನ್ನ ಸೋದರಮಾವನವರು ಇದನ್ನು ಕೇಳಿ, "ನಡೆಯಪ್ಪಾ, ನಾವೇ ನೋಡಿಕೊಂಡು ಬರೋಣ. ಐವತ್ತು ವರ್ಷ ಕಬ್ಬು ಬೆಳೆದಿದ್ದೇನೆ. ಅದರ ಕೊನೆ ಎಲ್ಲಿ ಎಂದು ನೋಡಿಲ್ಲ" ಎಂದರು.

ನನಗೆ ಆಶ್ಚರ್ಯವಾಯಿತು. ಮಾವನವರ ತಮ್ಮ ಸಾರಾಯಿಗೆ ಬಿದ್ದು, ಎರಡು ಎಕರೆ ಗದ್ದೆ ಕಳೆದು, 2004ರಲ್ಲಿ ತೀರಿಕೊಂಡವರು. ಸರ್ಕಾರವು ಸಾರಾಯಿಯನ್ನು ನಿಲ್ಲಿಸಿದ್ದು 2007ನೆಯ ಇಸವಿ ಜುಲೈ 1ರಿಂದ. "ಇನ್ನು ಮೂರು ವರ್ಷ ಮುಂಚೆ ನಿಲ್ಲಿಸಬಾರದಿತ್ತೇ" ಎಂಬ ಮಾತನ್ನು ಮಾವನವರ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೆಯೋ!

ಯಶವಂತಪುರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಮೈಸೂರು ದಾರಿಯ ಚಲ್ಲಘಟ್ಟದಲ್ಲಿಳಿದೆವು. ಅಲ್ಲಿಂದ ಆಟೋದಲ್ಲಿ ಕಂಬೀಪುರ. ಇಲ್ಲಿ ಇರುವುದೇ ಅಮೃತ್ ಡಿಸ್ಟಿಲರೀಸ್. ಜೆ. ಎನ್. ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಮೊದಲಿಗೆ ಸೈನಿಕರ ಕ್ಯಾಂಟೀನುಗಳಿಗೆ ರಮ್ಮು, ಬ್ರಾಂಡಿಗಳನ್ನು ಒದಗಿಸುತ್ತ ಬೆಳೆಯಿತು. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೇ ತನ್ನ ವಿಸ್ಕಿಯನ್ನು ಒಯ್ದು ಮಾರಿತು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರುವುದೆಂದರೆ ಇದೇ ಅಲ್ಲವೆ? ಕ್ಷೀರಸಾಗರವನ್ನು ಕಡೆದಾಗ ಬಂದ ಅಮೃತದ ಹೆಸರನ್ನು ಇದಕ್ಕಿಟ್ಟದ್ದು ಸರಿಯೆ ಎಂಬ ಚರ್ಚೆಯನ್ನು ಮಾವನವರು ಆಟೋದಲ್ಲಿಯೇ ಮುಗಿಸಿಬಿಟ್ಟಿದ್ದರು. "ಅದೇ ಕಡಲಿನಿಂದ ವಾರುಣಿಯೂ ಬಂದಳಲ್ಲ, ಆ ಹೆಸರು ಇಡಬಹುದಾಗಿತ್ತು" ಎಂದು ಅವರ ತೀರ್ಪು.

ನಮಗೆ ಎಲ್ಲವನ್ನೂ ತೋರಿಸಲು ಬಂದ ತರುಣನು ವಿನಯವಂತ. ರಮ್ಮೆಂಬುದು ಕಬ್ಬಿನ ಕೂಸು ಎಂದು ಆರಂಭಿಸಿದನು. ಹದಿನೇಳನೆಯ ಶತಮಾನದಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್ ಮೊದಲಾದ ದ್ವೀಪಗಳಲ್ಲಿ, ಆಫ್ರಿಕದಿಂದ ಹಿಡಿದು ತಂದ ಗುಲಾಮರ ಬೆವರಿನಿಂದ ನಡೆಯುತ್ತಿದ್ದ ಕಬ್ಬಿನ ತೋಟಗಳಲ್ಲಿ, ಸಕ್ಕರೆ ತೆಗೆದಮೇಲೆ ಉಳಿದ ಕಾಕಂಬಿಯಿಂದ ಇದು ಹುಟ್ಟಿತಂತೆ. ಇಂಗ್ಲಿಷರ ನೌಕಾಪಡೆಯಲ್ಲಿ ನಾವಿಕರಿಗೆ ದಿನದಿನವೂ ರಮ್ಮನ್ನು ಅಳೆದುಕೊಡುವ ಪದ್ಧತಿಯು 1970ರ ಜುಲೈ 31ರವರೆಗೂ ನಡೆಯಿತು. ಆದರೆ ಕಬ್ಬಿನ ಮದ್ಯವೇ ನಮಗೆ ಹೊಸದೆಂದು ಹೇಳಲಾಗದು. ಮನುಸ್ಮೃತಿಯು ಸುರೆಯನ್ನು ಮೂರು ಬಗೆಯಾಗಿ ವಿಂಗಡಿಸುವಾಗ ಮೊದಲು ಹೇಳುವುದು ಬೆಲ್ಲದಿಂದಾದ ಗೌಡಿಯನ್ನೇ. ನಿಷೇಧಿಸುವುದಕ್ಕಾಗಿಯೇ ಹೇಳಿರುವುದಾದರೂ, ಇಲ್ಲದ ವಸ್ತುವನ್ನು ಯಾರು ನಿಷೇಧಿಸುವರು?

ಬೆಲ್ಲದ ರಮ್ಮಿನ ಕ್ರಮವನ್ನು ಕೇಳಿ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಯೀಸ್ಟೆಂಬ ಹುದುಗನ್ನು ಸೇರಿಸುವರು. ಕೆಲವು ಗಂಟೆಗಳಲ್ಲಿ ಆ ಪಾನಕವು ಒಲೆಯಿಲ್ಲದೆಯೇ ಕುದಿಯುವಂತೆ ಗುಳುಗುಳಿಸತೊಡಗುವುದು. ಹುದುಗು ಸಿಹಿಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲ ವಾಯುವನ್ನೂ ಬಿಡುತ್ತದೆ. ನಮ್ಮ ಮನೆಯ ದೋಸೆಹಿಟ್ಟು ಉಬ್ಬುವುದೂ ಇಂಥದೇ ಸೂಕ್ಷ್ಮಜೀವಿಗಳಿಂದ. ಹೀಗೆ ಹುಳಿತ ರಸವನ್ನು ತಾಮ್ರದ ಭಟ್ಟಿಯಲ್ಲಿ ಕಾಯಿಸುವರು. ನೀರು ಕುದಿಯುವುದಕ್ಕೆ ನೂರು ಡಿಗ್ರಿ ಉಷ್ಣ ಬೇಕು. ಮದ್ಯಸಾರಕ್ಕೆ 78 ಡಿಗ್ರಿ ಸಾಕು. ಆದ್ದರಿಂದ ಮೊದಲು ಏಳುವ ಹಬೆಯಲ್ಲಿ ಮದ್ಯಸಾರದ ಪಾಲೇ ಹೆಚ್ಚು. ಅದನ್ನು ತಣಿಸಿದಾಗ ಮೊದಲು ಬರುವುದು ತಲೆ, ಕೊನೆಗೆ ಬರುವುದು ಬಾಲ. ಇವೆರಡನ್ನೂ ಬೇರೆ ಮಾಡಿ ನಡುವಣ ಪಾಲನ್ನು ಮಾತ್ರ ಇರಿಸಿಕೊಳ್ಳುವರು. ಆಗ ಅದು ನೀರಿನಂತೆ ತಿಳಿಯಾಗಿರುತ್ತದೆ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇದ್ದರೆ ಹೊಂಬಣ್ಣ ಬರುವುದು.

ಪೀಪಾಯಿಗಳ ಉಗ್ರಾಣದಲ್ಲಿ ಕಂಡದ್ದನ್ನು ನಾನು ಬೇಗ ಮರೆಯಲಾರೆ. ಮಬ್ಬುಬೆಳಕು, ಒದ್ದೆಮರದ ವಾಸನೆ, ಸಾಲುಸಾಲಾಗಿ ಮಲಗಿದ ಪೀಪಾಯಿಗಳು. ಮರದ ಸೂಕ್ಷ್ಮರಂಧ್ರಗಳಿಂದ ಒಳಗಿನ ದ್ರವವು ಸದಾ ಆವಿಯಾಗುತ್ತಿರುವುದು. ಇದಕ್ಕೆ ದೇವತೆಗಳ ಪಾಲೆಂದು ಹೆಸರು. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಹೋದರೆ, ನಮ್ಮ ಬೆಂಗಳೂರಿನ ಹವೆಯಲ್ಲಿ ನೂರಕ್ಕೆ ಹತ್ತು ಹನ್ನೆರಡು ಹೋಗುವುದಂತೆ. ಆರು ವರ್ಷ ಇಟ್ಟರೆ ಹೆಚ್ಚುಕಡಮೆ ಅರ್ಧ ಪೀಪಾಯಿ ಬರಿದು! ಇಲ್ಲಿಯ ದೇವತೆಗಳು ಕೊಂಚ ಆಸೆಬುರುಕರೆಂದು ತರುಣನು ನಕ್ಕನು. ಮಾವನವರು ನಗಲಿಲ್ಲ. ಅವರು ಬೆರಳೆಣಿಸುತ್ತಿದ್ದರು.

"ಅಪ್ಪಾ, ಒಂದು ಟನ್ ಕಬ್ಬಿಗೆ ಕಾಕಂಬಿ ಎಷ್ಟು ಬರುತ್ತದೆ?"

"ನಲವತ್ತು, ನಲವತ್ತೈದು ಕೆ.ಜಿ., ತಾತ."

"ಒಂದು ಟನ್ ಕಾಕಂಬಿಗೆ ಸ್ಪಿರಿಟು?"

"ಇನ್ನೂರಿಪ್ಪತ್ತು ಲೀಟರಿನ ಮೇಲೆ ಬರಬಹುದು."

ಎಕರೆಗೆ ನಲವತ್ತು ಟನ್ ಕಬ್ಬು. ಬಾಟಲಿಗೆ ಮುಕ್ಕಾಲು ಲೀಟರು, ಅದರಲ್ಲಿ ಮದ್ಯಸಾರವು ನೂರಕ್ಕೆ 42.8. ಲೆಕ್ಕ ಹಾಕಿದರೆ ಒಂದು ಎಕರೆಯ ಕಾಕಂಬಿಯಿಂದ ಸಾವಿರ ಬಾಟಲಿಗೂ ಮಿಗಿಲು ರಮ್ಮಾಗುವುದು. ಆ ಕಾಕಂಬಿಯೆಲ್ಲ ಮದ್ಯವಾಗುವುದಿಲ್ಲ, ಪೆಟ್ರೋಲಿಗೆ ಬೆರಸುವ ಎಥನಾಲಿಗೂ ಹೋಗುವುದೆಂದು ತರುಣನು ಮೆಲ್ಲನೆ ಸೇರಿಸಿದನು. ಮಾವನವರು ತಲೆಯಾಡಿಸಿದರು. ಶ್ರೀರಂಗಪಟ್ಟಣದ ಬಳಿ ಪಾಲಹಳ್ಳಿಯಲ್ಲಿ 1847ರಷ್ಟು ಹಿಂದೆಯೇ ಅಷ್ಟಗ್ರಾಮದ ಸಕ್ಕರೆ ಕಾರ್ಖಾನೆಯು ರೈತರ ಬೆಲ್ಲವನ್ನು ಕೊಂಡು ಶುದ್ಧಿಮಾಡುತ್ತಿತ್ತು. ಮುಂದೆ 1934ರಿಂದ ಮಂಡ್ಯದ ಕಾರ್ಖಾನೆ ಕಬ್ಬನ್ನು ಅರೆಯತೊಡಗಿತು. ಕಾಲುವೆಯ ನೀರು, ಕಬ್ಬು, ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ ಎಲ್ಲವೂ ಆ ಸೀಮೆಯಲ್ಲಿ ಒಂದೇ ಸರಪಣಿ. ಆ ಸರಪಣಿಯ ಇನ್ನೊಂದು ಕೊಂಡಿಯನ್ನು ಮಾವನವರು ಅಂದು ಕೈಯಿಂದ ಮುಟ್ಟಿ ನೋಡಿದರು. ನಾವು ಪೇಟೆಯವರೂ ದೂರವಿದ್ದೇವೆಂದು ತಿಳಿಯಬಾರದು. ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ 2023-24ರಲ್ಲಿ ಬಂದದ್ದು 30,000 ಕೋಟಿ ರೂಪಾಯಿಗೂ ಮಿಕ್ಕು. ನಾವು ನಡೆಯುವ ರಸ್ತೆಯಲ್ಲಿಯೂ ಅದರ ಪಾಲಿದೆ.

ಕೊನೆಯಲ್ಲಿ ರುಚಿ ನೋಡುವವರಿಗಾಗಿ ಸಣ್ಣ ಗಾಜಿನ ಬಟ್ಟಲುಗಳನ್ನಿಟ್ಟರು. ವೆಸ್ಟ್ ಇಂಡೀಸಿನ ರಮ್ಮಿಗೆ ನಮ್ಮ ಬೆಲ್ಲದ ರಮ್ಮನ್ನು ಬೆರಸಿದ 'ಟೂ ಇಂಡೀಸ್' ಎಂಬುದೊಂದು ಇಲ್ಲಿಯದೇ. 2025ರಲ್ಲಿ ಬಂದ ಮತ್ತೊಂದಕ್ಕೆ 'ಬೆಲ್ಲ' ಎಂದೇ ಕನ್ನಡದ ಹೆಸರು. ನಾನು ಬೇಡವೆಂದೆ. ಮಾವನವರು ಮಾತ್ರ ಒಂದು ಬಟ್ಟಲನ್ನು ತೆಗೆದುಕೊಂಡು, ತುಟಿಗೆ ತಾಕಿಸದೆ, ಬಹಳ ಹೊತ್ತು ಮೂಸುತ್ತ ನಿಂತರು. ಬಳಿಕ ತುಂಬಿದ ಬಟ್ಟಲನ್ನು ಹಾಗೆಯೇ ಮೇಜಿನ ಮೇಲಿಟ್ಟು, ತರುಣನಿಗೆ ಕೈಮುಗಿದು ಹೊರಬಂದರು.

ಹಿಂದಿರುಗುವಾಗ ಮೆಟ್ರೋದಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದೊಡನೆ ಮೊಮ್ಮಗಳು, "ಮುತ್ತಾತ, ಅಲ್ಲಿ ಕೆಟ್ಟ ವಾಸನೆ ಬರುತ್ತಿತ್ತೇ?" ಎಂದು ಕೇಳಿದಳು.

"ಇಲ್ಲ ಮಗಳೇ" ಎಂದರು ಮಾವನವರು. "ನಮ್ಮೂರ ಆಲೆಮನೆಯ ವಾಸನೆಯೇ ಬರುತ್ತಿತ್ತು."

ಆಮೇಲೆ, ಊರಿನಿಂದ ತಂದಿದ್ದ ಬೆಲ್ಲದ ಅಚ್ಚುಗಳನ್ನು ಚೀಲದಿಂದ ತೆಗೆದು ಅವಳ ಕೈಗಿತ್ತು, ಅಡುಗೆಮನೆಯಲ್ಲಿ ಇಡಹೇಳಿದರು.