ಮಾರ್ಪಡಿತ ಗುರುತ್ವ ಸಿದ್ಧಾಂತಗಳು

ಐನ್‌ಸ್ಟೈನ್ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಬದಲಿಸುವ ಅಥವಾ ವಿಸ್ತರಿಸುವ ಸಿದ್ಧಾಂತಗಳನ್ನು ಮಾರ್ಪಡಿತ ಗುರುತ್ವ ಸಿದ್ಧಾಂತಗಳು ಎಂದು ಕರೆಯಲಾಗುತ್ತದೆ. ವಿಶ್ವದ ವೇಗೋತ್ಕರ್ಷಿತ ವಿಸ್ತರಣೆಯನ್ನು ಕಪ್ಪು ಶಕ್ತಿ ಎಂಬ ಅಪರಿಚಿತ ಘಟಕದ ನೆರವಿಲ್ಲದೆ, ಗುರುತ್ವದ ನಿಯಮದಿಂದಲೇ ವಿವರಿಸುವುದು ಇವುಗಳಲ್ಲಿ ಹಲವು ಸಿದ್ಧಾಂತಗಳ ಉದ್ದೇಶವಾಗಿದೆ.

ಹಿನ್ನೆಲೆ

ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿವೆ ಎಂಬುದನ್ನು 1998ರಲ್ಲಿ ಎರಡು ಸಂಶೋಧನಾ ತಂಡಗಳು ಪ್ರಕಟಿಸಿದವು. ವಿಶ್ವದ ವಿಸ್ತರಣೆ ನಿಧಾನಗೊಳ್ಳುವ ಬದಲು ವೇಗ ಪಡೆಯುತ್ತಿದೆ ಎಂಬುದು ಇದರ ಅರ್ಥ. ಈ ಶೋಧಕ್ಕಾಗಿ ಸಾಲ್ ಪರ್ಲ್‌ಮಟರ್, ಬ್ರಯಾನ್ ಶ್ಮಿಟ್ ಮತ್ತು ಆಡಮ್ ರೀಸ್ ಅವರಿಗೆ 2011ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಪ್ರಚಲಿತ ಮಾದರಿಯ ಪ್ರಕಾರ ವಿಶ್ವದ ಒಟ್ಟು ಶಕ್ತಿಯಲ್ಲಿ ಸುಮಾರು 70% ಭಾಗ ಕಪ್ಪು ಶಕ್ತಿಯಾಗಿದ್ದು, ಅದನ್ನು ಐನ್‌ಸ್ಟೈನ್ ಅವರ ವಿಶ್ವ ಸ್ಥಿರಾಂಕದಿಂದ ಸೂಚಿಸಲಾಗುತ್ತದೆ. ಆದರೆ ನಿರ್ವಾತದ ಶಕ್ತಿಯನ್ನು ಕ್ವಾಂಟಂ ಸಿದ್ಧಾಂತದಿಂದ ಅಂದಾಜು ಮಾಡಿದರೆ, ಕೆಲವು ಲೆಕ್ಕಗಳಲ್ಲಿ ಅದು ವೀಕ್ಷಿತ ಬೆಲೆಗಿಂತ 1ರ ಮುಂದೆ 120 ಸೊನ್ನೆಗಳಷ್ಟು ಪಟ್ಟು ಹೆಚ್ಚಾಗುತ್ತದೆ. ಈ ಅಗಾಧ ವ್ಯತ್ಯಾಸವು ಬೇರೆ ವಿವರಣೆಗಳ ಹುಡುಕಾಟಕ್ಕೆ ಕಾರಣವಾಯಿತು.

ಕಾಣದ ವಸ್ತುವೋ, ಅಪೂರ್ಣ ನಿಯಮವೋ ಎಂಬ ಪ್ರಶ್ನೆ ಖಗೋಳಶಾಸ್ತ್ರದಲ್ಲಿ ಹೊಸದಲ್ಲ. ಯುರೇನಸ್ ಗ್ರಹದ ಚಲನೆಯಲ್ಲಿನ ವ್ಯತ್ಯಾಸಕ್ಕೆ ಕಾಣದ ಗ್ರಹವೊಂದು ಕಾರಣವೆಂದು ಊಹಿಸಲಾಯಿತು. 1846ರಲ್ಲಿ ನೆಪ್ಚೂನ್ ಪತ್ತೆಯಾಯಿತು. ಬುಧನ ಕಕ್ಷೆಯ ವ್ಯತ್ಯಾಸಕ್ಕೂ ವಲ್ಕನ್ ಎಂಬ ಗ್ರಹವನ್ನು ಊಹಿಸಲಾಯಿತಾದರೂ ಅದು ಸಿಗಲಿಲ್ಲ. ಅಲ್ಲಿ ಬದಲಾಗಬೇಕಾಗಿದ್ದುದು ನ್ಯೂಟನ್ನರ ಗುರುತ್ವ ನಿಯಮವೇ ಎಂಬುದು 1915ರಲ್ಲಿ ಸ್ಪಷ್ಟವಾಯಿತು.

ಪ್ರಮುಖ ಮಾದರಿಗಳು

ಎಫ್(ಆರ್) ಗುರುತ್ವ: ಐನ್‌ಸ್ಟೈನ್ ಸಮೀಕರಣಗಳ ಮೂಲಸೂತ್ರದಲ್ಲಿ ದೇಶಕಾಲದ ವಕ್ರತೆಯನ್ನು ಸೂಚಿಸುವ 'ಆರ್' ಎಂಬ ಪರಿಮಾಣವಿದೆ. ಅದರ ಬದಲು ಆ ಪರಿಮಾಣದ ಒಂದು ಫಲನವನ್ನು ಇಲ್ಲಿ ಬಳಸಲಾಗುತ್ತದೆ. ಇದರಿಂದ ವಸ್ತುಗಳ ನಡುವೆ ಒಂದು ಹೆಚ್ಚುವರಿ ಆಕರ್ಷಣ ಬಲ ಉಂಟಾಗುತ್ತದೆ. ವೇಯ್ನ್ ಹು ಮತ್ತು ಇಗ್ನಾಸಿ ಸಾವಿಕಿ 2007ರಲ್ಲಿ ಮಂಡಿಸಿದ ಮಾದರಿ ಈ ಬಗೆಯದು.

ಡಿಜಿಪಿ ಮಾದರಿ: ದ್ವಾಲಿ, ಗಬದಾದ್ಜೆ ಮತ್ತು ಪೊರಾಟಿ 2000ದಲ್ಲಿ ಇದನ್ನು ಮಂಡಿಸಿದರು. ನಮ್ಮ ವಿಶ್ವವು ಐದು ಆಯಾಮಗಳ ದೇಶಕಾಲದಲ್ಲಿರುವ ಒಂದು ಪದರವಾಗಿದ್ದು, ಅತಿ ದೊಡ್ಡ ದೂರಗಳಲ್ಲಿ ಗುರುತ್ವವು ಐದನೆಯ ಆಯಾಮಕ್ಕೆ ಸೋರಿಹೋಗುತ್ತದೆ ಎಂಬುದು ಇದರ ತಿರುಳು. ಆದರೆ ವೇಗೋತ್ಕರ್ಷವನ್ನು ತಾನಾಗಿಯೇ ನೀಡುವ ಇದರ ಪರಿಹಾರವು ಗಣಿತೀಯವಾಗಿ ಅಸ್ಥಿರವಾಗಿದ್ದು, ವೀಕ್ಷಣೆಗಳಿಗೂ ಹೊಂದಿಕೆಯಾಗಲಿಲ್ಲ.

ಸೌರವ್ಯೂಹದ ನಿರ್ಬಂಧ

ಸೌರವ್ಯೂಹದಲ್ಲಿ ಸಾಮಾನ್ಯ ಸಾಪೇಕ್ಷತೆ ಅತ್ಯಂತ ನಿಖರವಾಗಿ ದೃಢಪಟ್ಟಿದೆ. ಆದ್ದರಿಂದ ಯಾವುದೇ ಹೊಸ ಬಲವು ಇಲ್ಲಿ ಅಡಗಿರಬೇಕು, ವಿಶ್ವದ ಪ್ರಮಾಣದಲ್ಲಿ ಮಾತ್ರ ಪ್ರಕಟವಾಗಬೇಕು. ಇದಕ್ಕಾಗಿ ಸೂಚಿಸಲಾದ ವಿಧಾನಗಳಲ್ಲಿ 'ಊಸರವಳ್ಳಿ' ವಿಧಾನ ಪ್ರಸಿದ್ಧವಾದುದು. ದ್ರವ್ಯ ಸಾಂದ್ರವಾಗಿರುವಲ್ಲಿ ಹೊಸ ಬಲದ ವ್ಯಾಪ್ತಿ ಕುಗ್ಗುತ್ತದೆ, ವಿರಳವಾಗಿರುವಲ್ಲಿ ಹಿಗ್ಗುತ್ತದೆ.

ವೀಕ್ಷಣೆಯ ಪರೀಕ್ಷೆಗಳು

2017ರ ಆಗಸ್ಟ್ 17ರಂದು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ನಡೆದ ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನದಿಂದ ಹೊಮ್ಮಿದ ಗುರುತ್ವ ಅಲೆಗಳು ಭೂಮಿಯನ್ನು ತಲುಪಿದವು. ಅದೇ ಘಟನೆಯ ಗಾಮಾ ಕಿರಣಗಳು ಕೇವಲ 1.7 ಸೆಕೆಂಡುಗಳ ನಂತರ ಬಂದವು. ಗುರುತ್ವ ಅಲೆಗಳ ವೇಗ ಬೆಳಕಿನ ವೇಗಕ್ಕಿಂತ ಗಣನೀಯವಾಗಿ ಭಿನ್ನವಾಗಿರಬೇಕೆಂದು ಹೇಳುತ್ತಿದ್ದ ಹಲವು ಮಾದರಿಗಳು ಇದರಿಂದ ಕೈಬಿಡಲ್ಪಟ್ಟವು. ಎಫ್(ಆರ್) ಮಾದರಿಗಳಲ್ಲಿ ಎರಡೂ ವೇಗಗಳು ಸಮಾನವಾಗಿರುವುದರಿಂದ ಅವು ಉಳಿದುಕೊಂಡವು.

ವಿಸ್ತರಣೆಯ ವೇಗವನ್ನಷ್ಟೇ ಅಳೆದರೆ ಕಪ್ಪು ಶಕ್ತಿ ಮತ್ತು ಮಾರ್ಪಡಿತ ಗುರುತ್ವಗಳ ನಡುವೆ ತೀರ್ಮಾನ ಮಾಡಲಾಗದು. ಎರಡೂ ಒಂದೇ ಬಗೆಯ ವಿಸ್ತರಣೆಯನ್ನು ನೀಡಬಲ್ಲವು. ಆದರೆ ಗೆಲಕ್ಸಿ ಸಮೂಹಗಳು ಕಾಲಕ್ರಮೇಣ ಬೆಳೆಯುವ ಗತಿ ಮತ್ತು ಅವು ಬೆಳಕನ್ನು ಬಾಗಿಸುವ ಪ್ರಮಾಣ ಗುರುತ್ವದ ನಿಯಮವನ್ನು ಅವಲಂಬಿಸಿವೆ. 2023ರ ಜುಲೈ 1ರಂದು ಉಡಾವಣೆಗೊಂಡ ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕದ ಉದ್ದೇಶಗಳಲ್ಲಿ ಇವುಗಳ ಮಾಪನವೂ ಸೇರಿದೆ. ಈವರೆಗಿನ ವೀಕ್ಷಣೆಗಳು ಸಾಮಾನ್ಯ ಸಾಪೇಕ್ಷತೆಯನ್ನು ಕೈಬಿಡಲು ನಿರ್ಣಾಯಕ ಕಾರಣವನ್ನು ಒದಗಿಸಿಲ್ಲ. ಆದರೆ ಆ ಸಿದ್ಧಾಂತವನ್ನು ಸೌರವ್ಯೂಹದಾಚೆಗೆ ಹೇಗೆ ಪರೀಕ್ಷಿಸಬೇಕೆಂಬುದನ್ನು ಈ ಮಾದರಿಗಳು ತೋರಿಸಿಕೊಟ್ಟಿವೆ.